ಶೋಧ ನಿಬಂಧನೆಗಳ ಸಿಂಧುತ್ವ ಪರಿಶೀಲನೆ

ಶೋಧ ನಿಬಂಧನೆಗಳ ಸಿಂಧುತ್ವ ಪರಿಶೀಲನೆ ಎಂದರೆ ದತ್ತಸಂಚಯದಲ್ಲಿ (ಡೇಟಾಬೇಸ್) ದಾಖಲೆ ಹುಡುಕಲು ಬಳಕೆದಾರರು ನಮೂನೆಯ (ಫಾರಂ) ಚೌಕಗಳಲ್ಲಿ ತುಂಬಿದ ಮೌಲ್ಯಗಳು ಸರಿಯಾದ ಬಗೆಯವೇ, ಮಿತಿಯೊಳಗಿವೆಯೇ, ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಹುಡುಕಾಟಕ್ಕೆ ಮೊದಲೇ ಪರೀಕ್ಷಿಸುವ ಕ್ರಮ. ಮೈಕ್ರೋಸಾಫ್ಟ್ ಆಕ್ಸೆಸ್, ಲಿಬ್ರೆಆಫೀಸ್ ಬೇಸ್ ಮುಂತಾದ ತಂತ್ರಾಂಶಗಳಲ್ಲಿ ರಚಿಸಿದ ನಮೂನೆಗಳಿಗೆ ಇದು ಅನ್ವಯಿಸುತ್ತದೆ. ದಾಖಲೆ ಬರೆಯುವಾಗಿನ ತಪ್ಪು ಕಡತದಲ್ಲಿ ಉಳಿದು ಎಂದಾದರೂ ಕಣ್ಣಿಗೆ ಬೀಳಬಹುದು; ಹುಡುಕುವಾಗಿನ ತಪ್ಪು ಎಲ್ಲಿಯೂ ಉಳಿಯುವುದಿಲ್ಲ. "ದಾಖಲೆ ಇಲ್ಲ" ಎಂಬ ಉತ್ತರ ಪಡೆದವರು ಅದನ್ನೇ ನಿಜವೆಂದು ನಂಬಿ ಹಿಂದಿರುಗುತ್ತಾರೆ.

ಭೂದಾಖಲೆಯ ನಿದರ್ಶನ

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ಪಹಣಿ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್‌ನಾಕ್, ಹಿಸ್ಸಾ ಎಂಬ ಅನುಕ್ರಮವಿದೆ. ಈ ಅನುಕ್ರಮವೇ ಒಂದು ಪರಿಶೀಲನೆ. ನಂಜನಗೂಡು ತಾಲ್ಲೂಕಿನಲ್ಲಿ ಕಸಬಾ, ಹುಲ್ಲಹಳ್ಳಿ, ಬಿಳಿಗೆರೆ ಮೊದಲಾದ ಹೋಬಳಿಗಳಿವೆ. ತಿರುಮಕೂಡಲು ನರಸೀಪುರದಲ್ಲಿ ಕಸಬಾ, ಬನ್ನೂರು, ಸೋಸಲೆ, ತಲಕಾಡು, ಮೂಗೂರು. ಕಸಬಾ ಎರಡರಲ್ಲೂ ಇರುವುದರಿಂದ ಬರಿಯ ಹೋಬಳಿಯ ಹೆಸರಿನಿಂದ ಹುಡುಕಿದರೆ ಎರಡು ತಾಲ್ಲೂಕುಗಳ ದಾಖಲೆಗಳು ಬೆರೆಯುತ್ತವೆ. ತಾಲ್ಲೂಕನ್ನು ಬದಲಿಸಿದ ಕೂಡಲೇ ಕೆಳಗಿನ ಚೌಕಗಳು ತೆರವಾಗಬೇಕು; ಇಲ್ಲವಾದರೆ ಹಳೆಯ ಗ್ರಾಮ ಹೊಸ ತಾಲ್ಲೂಕಿನೊಡನೆ ಉಳಿದುಬಿಡುತ್ತದೆ.

ಸರ್‌ನಾಕ್ ಚೌಕದಲ್ಲಿ ಅನೇಕ ಕಡೆ ಕಾಣುವ ಮೌಲ್ಯ ನಕ್ಷತ್ರ ಚಿಹ್ನೆ (*). ಅಲ್ಲಿ ಅದು ದಾಖಲೆಯ ಭಾಗ. ಆದರೆ ಆಕ್ಸೆಸ್‌ನ ‘ಲೈಕ್’ ಹೋಲಿಕೆಯಲ್ಲಿ ಅದೇ ಚಿಹ್ನೆಗೆ ‘ಏನಿದ್ದರೂ ಸರಿ’ ಎಂಬ ಅರ್ಥ. ಇಂತಹ ದತ್ತವನ್ನು ಆಕ್ಸೆಸ್‌ಗೆ ತಂದು ಹಾಗೆಯೇ ಹುಡುಕಿದರೆ ಎಲ್ಲ ದಾಖಲೆಗಳೂ ಹೊರಬರುತ್ತವೆ. ಚಿಹ್ನೆಯನ್ನು ಚೌಕ ಆವರಣದಲ್ಲಿ [*] ಎಂದು ಇಡಬೇಕು.

ಖಾಲಿ ಹಿಸ್ಸಾವನ್ನು ‘ಎಲ್ಲ ಹಿಸ್ಸಾಗಳು’ ಎಂದು ತಿಳಿದು ಪಟ್ಟಿ ತೋರಿಸುವುದು ಯುಕ್ತ. ಸರ್ವೆ ನಂಬರೇ ಖಾಲಿಯಿದ್ದರೆ ಹುಡುಕಾಟವನ್ನು ನಿಲ್ಲಿಸಿ ಕಾರಣ ತಿಳಿಸುವುದೇ ಸರಿ.

ಕನ್ನಡ ಅಕ್ಷರಗಳ ತೊಡಕು

ಕನ್ನಡದ ಅಂಕಿ ಸೊನ್ನೆಯೂ (೦) ಅನುಸ್ವಾರವೂ (ಂ) ನೋಡಲು ಒಂದೇ ಬಗೆ. ಯೂನಿಕೋಡ್‌ನಲ್ಲಿ ಬೇರೆ ಬೇರೆ. ನಂಜನಗೂಡು ಎಂಬಲ್ಲಿ ಸೊನ್ನೆ ಒತ್ತಿದವರಿಗೆ ಪರದೆಯ ಮೇಲೆ ತಪ್ಪು ಕಾಣುವುದೇ ಇಲ್ಲ, ದಾಖಲೆಯೂ ಸಿಗುವುದಿಲ್ಲ. ಸೋಸಲೆಯ ‘ೋ’ ಚಿಹ್ನೆಯನ್ನು ಒಂದು ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಆದ್ದರಿಂದ ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್‌ನ ಏಕರೂಪಕ್ಕೆ ತರಬೇಕು, ಕನ್ನಡ ಅಂಕಿಗಳನ್ನು ಸಾಮಾನ್ಯ ಅಂಕಿಗಳಾಗಿಸಬೇಕು. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ದಾಖಲೆಗಳನ್ನು ಪರಿವರ್ತಿಸದೆ ಯೂನಿಕೋಡ್ ಪದದಿಂದ ಹುಡುಕುವುದು ವ್ಯರ್ಥ. ನರಸೀಪುರ, ನರಸಿಪುರ ಎಂಬ ಎರಡು ಬರಹಗಳಿಗೆ ಮಾತ್ರ ಯಾವ ಪರಿವರ್ತನೆಯೂ ಮದ್ದಲ್ಲ. ಊರಿನ ಹೆಸರನ್ನು ಟೈಪಿಸಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಬೇಕು.

ಸಂಖ್ಯೆ, ಅಳತೆ, ದಿನಾಂಕ

ಎಕರೆಗೆ 40 ಗುಂಟೆ. ಪಹಣಿಯಲ್ಲಿ 2.20 ಎಂದರೆ ಎರಡೂವರೆ ಎಕರೆ. ದಶಾಂಶವೆಂದು ಎಣಿಸುವ ನಮೂನೆ ಅದನ್ನು ಎರಡೂಕಾಲಿಗಿಂತಲೂ ಕಡಿಮೆಯೆಂದು ತಿಳಿಯುತ್ತದೆ. ಎಕರೆ, ಗುಂಟೆಗಳಿಗೆ ಬೇರೆ ಚೌಕಗಳಿಟ್ಟು ಗುಂಟೆಯನ್ನು 39ಕ್ಕೆ ಮಿತಿಗೊಳಿಸುವುದು ಸುಲಭದ ಪರಿಹಾರ.

ಆಕ್ಸೆಸ್‌ನ ‘ಈಸ್‌ನ್ಯೂಮರಿಕ್’ ಪರೀಕ್ಷೆಯನ್ನಷ್ಟೇ ನೆಚ್ಚಬಾರದು. ಒಂದು ಮತ್ತು ಮೂರು ಅಂಕಿಗಳ ನಡುವೆ ಇಂಗ್ಲಿಷಿನ ‘ಇ’ ಅಕ್ಷರವಿದ್ದರೂ ಅದು ಸಂಖ್ಯೆಯೆಂದೇ ಒಪ್ಪುತ್ತದೆ, ಅದರ ಬೆಲೆ 1000 ಆಗುತ್ತದೆ.

ದಿನಾಂಕದ ತಪ್ಪು ಇನ್ನೂ ಕಪಟವಾದದ್ದು. ಆಕ್ಸೆಸ್‌ನ ಪ್ರಶ್ನಾವಾಕ್ಯದಲ್ಲಿ 05/06/2001 ಎಂದರೆ ಅಮೆರಿಕದ ರೂಢಿಯಂತೆ ಮೇ 6. ಆದರೆ 25ನೆಯ ತಿಂಗಳಿಲ್ಲದ ಕಾರಣ 25/06/2001 ಎಂಬುದು ಸರಿಯಾಗಿ ಜೂನ್ 25 ಆಗುತ್ತದೆ. ತಿಂಗಳ ಕೊನೆಯ ದಿನಾಂಕಗಳಿಂದ ಪರೀಕ್ಷಿಸಿದವರಿಗೆ ದೋಷ ತಿಳಿಯುವುದೇ ಇಲ್ಲ. ವರ್ಷ-ತಿಂಗಳು-ದಿನ ಕ್ರಮದಲ್ಲಿ ಕಳುಹಿಸಿದರೆ ಗೊಂದಲವಿರದು.

ಉದ್ಧರಣ ಚಿಹ್ನೆ

ಬಳಕೆದಾರರ ಪಠ್ಯವನ್ನು ಪ್ರಶ್ನಾವಾಕ್ಯಕ್ಕೆ ನೇರವಾಗಿ ಅಂಟಿಸಿದರೆ, ಪಠ್ಯದಲ್ಲಿನ ಒಂದು ಉದ್ಧರಣ ಚಿಹ್ನೆ ವಾಕ್ಯವನ್ನು ಮುರಿಯುತ್ತದೆ. ದುರುದ್ದೇಶವಿದ್ದರೆ ವಾಕ್ಯದ ಅರ್ಥವನ್ನೇ ಬದಲಿಸಬಹುದು. ಚಿಹ್ನೆಯನ್ನು ಇಮ್ಮಡಿಸುವುದು ಹಳೆಯ ಉಪಾಯ. ಮೌಲ್ಯವನ್ನು ವಾಕ್ಯದಿಂದ ಬೇರ್ಪಡಿಸಿ ನಿಯತಾಂಕವಾಗಿ (ಪ್ಯಾರಾಮೀಟರ್) ಕಳುಹಿಸುವ ವಿಧಾನ ಹೆಚ್ಚು ಸುರಕ್ಷಿತ.