ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಪ್ರಾಥಮಿಕ ಶಾಲೆಗಳೂ ಪಾಲಕರೂ

ಒಂದು ಸೀಮೆಯ ಇತಿಹಾಸವೆಂದರೆ ಅಲ್ಲಿಯ ಅರಸರ ಕಾಳಗಗಳ ಹಾಗೂ ಕೋಟೆಕೊತ್ತಲಗಳ ವೃತ್ತಾಂತ ಮಾತ್ರವಲ್ಲ. ತಂದೆತಾಯಿಗಳು ತಮ್ಮ ಮಕ್ಕಳಿಗೆ ನಾಲ್ಕು ಅಕ್ಷರಗಳನ್ನು ಕಲಿಸಬೇಕೆಂದು ಪಟ್ಟ ಪಾಡೂ ಇತಿಹಾಸವೇ ಸರಿ. ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿಗಾಗಿ, ಅದರ ಬೀಗದಕೈಯಂತಿದ್ದ ಮುದಗಲ್ಲಿನ ಕೋಟೆಗಾಗಿ, ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಮೇಲಿಂದ ಮೇಲೆ ಕಾದಾಡಿದ ಸಂಗತಿಯನ್ನು ಗ್ರಂಥಗಳು ವಿಸ್ತಾರವಾಗಿ ವರ್ಣಿಸುತ್ತವೆ. ಆದರೆ ಅದೇ ಎರೆಭೂಮಿಯನ್ನು ಉತ್ತ ಒಕ್ಕಲಿಗನ ಮಗನು ಎಲ್ಲಿ ಓದಿದನು, ಅವನನ್ನು ಶಾಲೆಗೆ ಕಳುಹಿಸಿದ ತಾಯಿಯು ಏನನ್ನು ಕಂಡಳು ಎಂಬುದನ್ನು ಹೇಳಿದವರು ವಿರಳ.

ಮಸ್ಕಿಯ ಗುಡ್ಡದ ಬಂಡೆಯ ಮೇಲಿರುವ ಅಶೋಕನ ಶಾಸನವು ೧೯೧೫ರಲ್ಲಿ ಚಿನ್ನದ ಗಣಿಗಳ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಬಿದ್ದಿತು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿ ಕೊರೆದಿದ್ದುದರಿಂದ, ಉಳಿದ ಶಾಸನಗಳ ದೇವಾನಾಂಪ್ರಿಯನು ಯಾರೆಂಬ ವಿಷಯದಲ್ಲಿ ಪಂಡಿತರಿಗೆ ಗಟ್ಟಿಯಾದ ಆಧಾರವು ದೊರೆಯಿತು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಅದನ್ನು ಪಡೆಯಬಲ್ಲರು, ಈ ಸಂಗತಿಯನ್ನು ಇಬ್ಬರಿಗೂ ತಿಳಿಸಬೇಕು ಎಂಬುದೇ ಆ ಶಾಸನದ ಅಭಿಪ್ರಾಯ. ಇಷ್ಟು ಉದಾರವಾದ ಮಾತನ್ನು ಹೊತ್ತ ಬಂಡೆಯು, ಅದರ ಲಿಪಿಯನ್ನು ಓದಬಲ್ಲವರು ಇಲ್ಲದಾದ ಮೇಲೆ, ಶತಮಾನಗಳವರೆಗೆ ಮೂಕವಾಗಿ ನಿಂತಿತ್ತು. ಅಕ್ಷರವಿದ್ದರೆ ಸಾಲದು, ಅದು ಜನರ ಮನೆಯೊಳಗೆ ಇಳಿಯಬೇಕು. ಈ ಸೀಮೆಯ ಶಾಲೆಗಳ ಕಥೆಯೆಲ್ಲವೂ ಈ ಒಂದು ಮಾತಿನ ವಿಸ್ತಾರವೆಂದರೆ ತಪ್ಪಾಗದು.

ಸರಕಾರಿ ಶಾಲೆಗಳು ಬರುವ ಮುಂಚೆ ನಮ್ಮ ನಾಡಿನ ಈ ಭಾಗದಲ್ಲಿ ಕೂಲಿಮಠಗಳಿದ್ದವು. ಗುಡಿಯ ಪೌಳಿಯಲ್ಲಿಯೋ, ಮಠದ ಪಡಸಾಲೆಯಲ್ಲಿಯೋ, ಗೌಡರ ಮನೆಯ ಕಟ್ಟೆಯ ಮೇಲೆಯೋ ಅಯ್ಯನವರು ಮಕ್ಕಳನ್ನು ಕೂಡ್ರಿಸಿಕೊಂಡು, ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ ಅಕ್ಷರಗಳನ್ನು ಕಲಿಸುತ್ತಿದ್ದರು. ಮಗ್ಗಿ, ಸವಾಯಿ, ದೀಡಕಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಪಾಲಕರು ಸುಗ್ಗಿಯಲ್ಲಿ ಜೋಳವನ್ನೂ ಹಬ್ಬಹುಣ್ಣಿಮೆಗಳಲ್ಲಿ ಎಲೆಅಡಿಕೆ ದಕ್ಷಿಣೆಗಳನ್ನೂ ಕೊಡುತ್ತಿದ್ದರು. ಅಲ್ಲಿ ಕಲಿಸುವ ವಿದ್ಯೆಯು ಅಲ್ಪವಾಗಿತ್ತು, ಶಿಕ್ಷೆಯು ಕಠಿಣವಾಗಿತ್ತು. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗೂ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಹನ್ನೆರಡನೆಯ ಶತಮಾನದ ಶರಣರು ಜನರ ನುಡಿಯಲ್ಲಿಯೇ ವಚನಗಳನ್ನು ನುಡಿದು, ಸ್ತ್ರೀಯರಿಗೂ ಕಾಯಕಜೀವಿಗಳಿಗೂ ಅನುಭಾವದ ಸಭೆಯಲ್ಲಿ ಸ್ಥಾನವನ್ನು ಕೊಟ್ಟಿದ್ದರೂ ಅವರ ಅನುಯಾಯಿಗಳೇ ಆ ದಾರಿಯನ್ನು ಪೂರ್ಣವಾಗಿ ಕಾಯ್ದುಕೊಂಡಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೂ ಕೂಲಿಮಠದಲ್ಲಿ ಒಂದು ಗುಣವಿತ್ತು. ಮಗನು ಏನು ಕಲಿತನೆಂಬುದು ಸಂಜೆ ಮನೆಯಲ್ಲಿ ತಂದೆಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಅಯ್ಯನವರನ್ನು ಅಗಸೆಯ ಬಾಗಿಲಲ್ಲಿ ತಡೆದು ಕೇಳಬಹುದಾಗಿತ್ತು.

ರಾಯಚೂರು ದೋಆಬು ೧೮೫೩ರಲ್ಲಿ ಆಂಗ್ಲರ ಆಡಳಿತಕ್ಕೆ ಹೋಗಿ, ೧೮೬೦ರಲ್ಲಿ ಮರಳಿ ನಿಜಾಮರ ಕೈಸೇರಿತು. ಲಿಂಗಸುಗೂರು ಆಗ ದಂಡಿನ ಠಾಣೆ, ಮುಂದೆ ಜಿಲ್ಲೆಯ ಮುಖ್ಯಸ್ಥಳ. ಸಿಂಧನೂರು ಅದೇ ಜಿಲ್ಲೆಯ ಒಂದು ತಾಲ್ಲೂಕು. ೧೯೦೫ರಲ್ಲಿ ಆ ಜಿಲ್ಲೆಯು ರದ್ದಾಗಿ ಅದರ ತಾಲ್ಲೂಕುಗಳು ರಾಯಚೂರು ಗುಲ್ಬರ್ಗಾಗಳಿಗೆ ಹಂಚಿಹೋದವು. ಬಹುಕಾಲ ಲಿಂಗಸುಗೂರಿಗೆ ಸೇರಿದ್ದ ಮಸ್ಕಿಯು ಇತ್ತೀಚಿನ ವರ್ಷಗಳಲ್ಲಿ ಸ್ವತಂತ್ರ ತಾಲ್ಲೂಕಾಗಿದೆ. ಸರ್ ಸಾಲಾರ್ ಜಂಗರ ಸುಧಾರಣೆಗಳ ತರುವಾಯ ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯು ಬೆಳೆಯಿತು. ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂಬ ಮೂರು ಮೆಟ್ಟಿಲುಗಳ ಶಾಲೆಗಳು ಏರ್ಪಟ್ಟವು. ಆಡಳಿತದ ಭಾಷೆಯು ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಪಾಠವು ಉರ್ದುವಿನಲ್ಲಿಯೇ. ಕೆಳಗಿನ ತರಗತಿಗಳಲ್ಲಿ ತಾಯ್ನುಡಿಗೆ ಎಡೆಯಿದ್ದರೂ, ಮೇಲಿನ ಮೆಟ್ಟಿಲನ್ನು ಏರಬೇಕಾದವನಿಗೆ ಉರ್ದುವನ್ನು ಬಿಟ್ಟು ಗತಿಯಿರಲಿಲ್ಲ.

ಆ ಕಾಲದ ಪಾಲಕರ ಅನುಭವವನ್ನು ಊಹಿಸುವದು ಕಷ್ಟವಲ್ಲ. ಮನೆಯ ಮಾತು ಕನ್ನಡ, ಸಂತೆಯ ಮಾತು ಕನ್ನಡ, ಪುರಾಣಪ್ರವಚನಗಳು ಕನ್ನಡ. ಆದರೆ ಮಗನ ಪಾಟಿಯ ಮೇಲಿನ ಬರಹವು ಬಲದಿಂದ ಎಡಕ್ಕೆ ಸಾಗುವ ಅಪರಿಚಿತ ಲಿಪಿ. ಹೊಲದ ಪಹಣಿ, ಕಚೇರಿಯ ನೋಟೀಸು ಅದೇ ಲಿಪಿಯಲ್ಲಿ ಬರುತ್ತಿದ್ದುದರಿಂದ ಮಗನು ಅದನ್ನು ಕಲಿಯಲೆಂಬ ಆಸೆಯೂ ತಂದೆಗೆ ಇದ್ದೇ ಇತ್ತು. ಆದರೆ ಮಗನು ಕಲಿತನೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಶಕ್ತಿಯು ಆತನಲ್ಲಿ ಉಳಿಯಲಿಲ್ಲ. ಶಾಲೆಯು ಊರೊಳಗೇ ಇದ್ದರೂ ಮನೆಗೆ ದೂರವಾಯಿತು.

ಇಲ್ಲಿ ಒಂದು ವಿವೇಕವು ಅವಶ್ಯ. ದೋಷವು ಉರ್ದು ಭಾಷೆಯದಲ್ಲ. ಆ ಭಾಷೆಯನ್ನು ಮನೆಮಾತಾಗಿ ಉಳ್ಳ ಸಾವಿರಾರು ಕುಟುಂಬಗಳು ಈ ಸೀಮೆಯಲ್ಲಿ ನೆಲೆಸಿವೆ; ಅವರ ಮಕ್ಕಳಿಗೆ ಅದರಲ್ಲಿಯೇ ಪಾಠವಾಗುವದು ನ್ಯಾಯ. ಅಂದಿನ ರಾಯಚೂರು ಜಿಲ್ಲೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿಯೂ ಕನ್ನಡದ ಕವಿಗಳಾದರು. ಅದೇ ಜಿಲ್ಲೆಯ ಶಾಂತರಸರು ಉರ್ದುವಿನ ಗಜಲಿನ ಸೊಗಸನ್ನು ಕನ್ನಡಕ್ಕೆ ತಂದರು. ಎರಡು ನುಡಿಗಳ ಒಡನಾಟದಿಂದ ಈ ನಾಡಿಗೆ ಲಾಭವೇ ಆಗಿದೆ. ದೋಷವಿದ್ದುದು, ಮಗುವಿನ ಮೊದಲ ಅಕ್ಷರವನ್ನು ಅದರ ತಾಯಿಯ ಬಾಯಿಂದ ಬೇರ್ಪಡಿಸಿದ ವ್ಯವಸ್ಥೆಯಲ್ಲಿ.

ಪಾಲಕರು ಸುಮ್ಮನೆ ಕೂಡಲಿಲ್ಲ. ಅನುಕೂಲವುಳ್ಳವರು ಮಕ್ಕಳನ್ನು ತುಂಗಭದ್ರೆಯಾಚೆಗೆ ಬಳ್ಳಾರಿ, ಗದಗು, ಧಾರವಾಡಗಳಿಗೆ ಕಳುಹಿಸಿದರು. ಇಲ್ಲದವರು ಖಾಸಗಿ ಕನ್ನಡ ಶಾಲೆಗಳನ್ನು ಆಶ್ರಯಿಸಿದರು. ಇಂಥ ಖಾನಗಿ ಶಾಲೆಗಳನ್ನು ತೆರೆಯಲು ಸರಕಾರದ ಅಪ್ಪಣೆ ಬೇಕೆಂಬ ನಿಯಮವು ೧೯೨೦ರ ದಶಕದಲ್ಲಿ ಬಂದು ಆ ದಾರಿಯೂ ಇಕ್ಕಟ್ಟಾಯಿತು. ಆಗ ಮಠಗಳೂ ಸತ್ಪುರುಷರೂ ಮಾಡಿದ ಸೇವೆಯು ಮರೆಯತಕ್ಕದ್ದಲ್ಲ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಬೀದರ ಸೀಮೆಯ ಭಾಲ್ಕಿಯಲ್ಲಿ ಹಿರೇಮಠದ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಇಂದಿಗೂ ಜನರ ನಾಲಗೆಯ ಮೇಲಿದೆ. ೧೯೩೪ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಪಂಜೆ ಮಂಗೇಶರಾಯರು. ಅವರು ಶಿಕ್ಷಕರು, ಮಕ್ಕಳಿಗಾಗಿ ಹಾಡುಕತೆಗಳನ್ನು ಬರೆದವರು. ಕನ್ನಡ ಶಾಲೆಗಾಗಿ ಹಂಬಲಿಸುತ್ತಿದ್ದ ನಾಡಿಗೆ ಮಕ್ಕಳ ಕವಿಯೇ ಅತಿಥಿಯಾಗಿ ಬಂದುದು ಉಚಿತವಾಗಿತ್ತು.

೧೯೪೮ನೆಯ ಸಪ್ಟಂಬರ ೧೭ರಂದು ನಿಜಾಮರ ಆಳಿಕೆಯು ಕೊನೆಗೊಂಡಿತು. ೧೯೫೬ನೆಯ ನವ್ಹಂಬರ ೧ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಕನ್ನಡವು ಶಾಲೆಯ ಒಳಗೆ ಬಂದಿತು. ೧೯೬೧ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಆಯಿತು. ಭಾಷೆಯ ಅಡ್ಡಗೋಡೆಯು ಬಿದ್ದ ಮೇಲೆ ಹಳ್ಳಿಯ ತಂದೆತಾಯಿಗಳು ನಿಶ್ಚಿಂತರಾದರೇ? ಆಗಲಿಲ್ಲ. ಏಕೆಂದರೆ ಅದರ ಹಿಂದೆ ಇನ್ನೊಂದು ಗೋಡೆಯಿತ್ತು, ಅದು ಹೊಟ್ಟೆಯದು.

ತುಂಗಭದ್ರಾ ಅಣೆಕಟ್ಟಿನ ಕೆಲಸವು ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ಹರಿಯಿತು. ಎಡದಂಡೆಯ ಕಾಲುವೆಯಿಂದ ಸಿಂಧನೂರು ಭತ್ತದ ಕಣಜವಾಯಿತು. ಲಿಂಗಸುಗೂರು ಮಸ್ಕಿಗಳ ಬಹುಭಾಗವು ಮಳೆಯನ್ನೇ ನಂಬಿ ಉಳಿಯಿತು. ನೀರು ಬಂದಲ್ಲಿ ನಾಟಿ, ಕಳೆ, ಕೊಯ್ಲುಗಳಿಗೆ ಕೈಗಳು ಬೇಕಾದವು. ಹತ್ತಿಯ ಹೊಲಗಳಲ್ಲಿ ಎಳೆಯ ಕೈಗಳಿಗೇ ಹೆಚ್ಚು ಬೇಡಿಕೆ. ನೀರು ಬಾರದಲ್ಲಿ ಹಿಂಗಾರಿಯ ಕೆಲಸ ತೀರುತ್ತಲೇ ಕುಟುಂಬಗಳು ಗುಳೆ ಎದ್ದು ಬೆಂಗಳೂರು, ಪುಣೆ, ಮುಂಬಯಿಗಳ ದಾರಿ ಹಿಡಿದವು. ಮಗುವನ್ನು ಮುದುಕರ ಬಳಿ ಬಿಟ್ಟರೆ ಅದರ ಊಟದ ಚಿಂತೆ. ಜೊತೆಗೆ ಒಯ್ದರೆ ಶಾಲೆ ತಪ್ಪುವ ಚಿಂತೆ. ಮಾಸ್ತರರ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಎಂದು ಕಾಣುವ ಒಂದು ಗುರುತಿನ ಹಿಂದೆ ಇಂಥ ಸಂಕಟವು ಅಡಗಿರುತ್ತಿತ್ತು. ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರನ್ನು ಅಜ್ಞಾನಿಗಳೆಂದು ಹಳಿಯುವದು ಸುಲಭ. ಆದರೆ ಅವರಲ್ಲಿ ಹೆಚ್ಚಿನವರಿಗೆ ವಿದ್ಯೆಯ ಬೆಲೆ ಚೆನ್ನಾಗಿ ತಿಳಿದಿತ್ತು. ಅದನ್ನು ತೆರುವ ಶಕ್ತಿಯಿರಲಿಲ್ಲ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆಗಳನ್ನು ನಡೆಸುವ ಏರ್ಪಾಡು ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಬಂದಿತು.

ಈ ಗೋಡೆಯಲ್ಲಿ ಬಾಗಿಲನ್ನು ಕೊರೆದುದು ೨೦೦೨ನೆಯ ಜೂನ್ ತಿಂಗಳು. ರಾಯಚೂರೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವು ಮೊದಲಾಯಿತು; ಮರುವರ್ಷ ಅದು ರಾಜ್ಯದ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಮನೆಯ ಶಬ್ದವೊಂದು ಸರಕಾರದ ಕಾಗದವನ್ನು ಏರಿ ಬಡಮಗುವಿನ ತಟ್ಟೆಗೆ ಇಳಿಯಿತು. ಅಡಿಗೆಯವರು ಅದೇ ಊರಿನ ಹೆಂಗಸರು. ಉಣ್ಣುವವರು ಎಲ್ಲ ಕೇರಿಗಳ ಮಕ್ಕಳು, ಒಂದೇ ಸಾಲಿನಲ್ಲಿ. ಎಲ್ಲೆಡೆ ತೊಡಕಿಲ್ಲದೆ ಸಾಗಿತೆಂದಲ್ಲ. ಆದರೂ ಪಂಕ್ತಿಭೇದವನ್ನು ಮಾತಿನಿಂದ ಖಂಡಿಸುವದಕ್ಕಿಂತ ಅನ್ನದಿಂದ ಖಂಡಿಸುವದು ಹೆಚ್ಚು ಫಲಕಾರಿಯೆಂಬುದು ಇಲ್ಲಿ ತೋರಿಬಂದಿತು. ಬೆಳಗಾಗೆದ್ದು ಹೊಲಕ್ಕೆ ಹೋಗುವ ತಾಯಿಗೆ, ಮಧ್ಯಾಹ್ನ ಮಗುವು ಉಂಡಿರುತ್ತದೆಂಬ ಭರವಸೆಯು ಸಾಮಾನ್ಯವಾದುದಲ್ಲ.

ಇದಕ್ಕೂ ಒಂದು ವರ್ಷ ಮೊದಲು, ೨೦೦೧ನೆಯ ಎಪ್ರಿಲ್‌ನಲ್ಲಿ, ಪ್ರತಿಯೊಂದು ಸರಕಾರಿ ಶಾಲೆಗೂ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿರಬೇಕೆಂಬ ಆಜ್ಞೆಯಾಯಿತು. ಪಾಲಕರಿಂದಲೇ ಆರಿಸಲ್ಪಟ್ಟ ಒಂಬತ್ತು ಪಾಲಕರಿಗೆ ಅದರಲ್ಲಿ ಸ್ಥಾನ. ೨೦೧೦ನೆಯ ಎಪ್ರಿಲ್ ೧ರಿಂದ ಜಾರಿಯಾದ ಶಿಕ್ಷಣದ ಹಕ್ಕಿನ ಕಾಯಿದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕೆಂದೂ ಅರ್ಧದಷ್ಟು ಮಂದಿ ಸ್ತ್ರೀಯರಿರಬೇಕೆಂದೂ ವಿಧಿಸಿತು. ತಹತಾನಿಯಾ ಶಾಲೆಯ ಹೊರಗೆ ಕೈಕಟ್ಟಿ ನಿಂತಿದ್ದ ಒಕ್ಕಲಿಗನ ಮೊಮ್ಮಗಳಿಗೆ ಶಾಲೆಯೊಳಗೆ ಕುರ್ಚಿಯೊಂದು ದೊರೆಯಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಕುರ್ಚಿ ದೊರೆತ ಮಾತ್ರಕ್ಕೆ ಮಾತು ಹೊರಡದು. ೨೦೧೧ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ ೫೯.೫೬, ರಾಜ್ಯದ್ದು ೭೫.೩೬. ಸ್ತ್ರೀಯರಲ್ಲಿ ನೂರಕ್ಕೆ ೪೮.೭೩ ಮಾತ್ರ. ಅಂದರೆ ಸಮಿತಿಯಲ್ಲಿ ಕುಳಿತ ಅನೇಕ ತಾಯಂದಿರು ಠರಾವಿನ ಪುಸ್ತಕದಲ್ಲಿ ಏನು ಬರೆದಿದೆಯೆಂಬುದನ್ನು ಇತರರಿಂದ ಕೇಳಿಯೇ ತಿಳಿಯಬೇಕು. ಇನ್ನೊಂದು ತೊಡಕೂ ಉಂಟು. ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ಕಾಲುವೆಯ ನೀರನ್ನು ಅರಸಿ ಬಂದ ತೆಲುಗು ಒಕ್ಕಲು ಮನೆಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಬಂಗಾಲಿ ಮನೆಗಳಿವೆ. ಲಿಂಗಸುಗೂರಿನ ತಾಂಡಾಗಳಲ್ಲಿ ಲಂಬಾಣಿಯೇ ಮನೆಮಾತು. ಒಂದು ಕಾಲದಲ್ಲಿ ಉರ್ದು ಶಾಲೆಯ ಮುಂದೆ ಕನ್ನಡದ ಮಗುವು ಪಟ್ಟ ಕಷ್ಟವನ್ನು ಇಂದು ಕನ್ನಡ ಶಾಲೆಯ ಮುಂದೆ ಈ ಮಕ್ಕಳು ಪಡುತ್ತಿದ್ದಾರೆ. ತಾವು ಉಂಡ ನೋವನ್ನು ನೆನೆದು ಆ ಮಕ್ಕಳನ್ನು ಪ್ರೀತಿಯಿಂದ ಕನ್ನಡಕ್ಕೆ ಕರೆತರುವದು ಕನ್ನಡಿಗರ ಕರ್ತವ್ಯ.

ಇನ್ನು ಆಂಗ್ಲ ಮಾಧ್ಯಮದ ಪ್ರಶ್ನೆ. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಅಧಿಕಾರವು ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ನೆಯ ಮೇ ೬ರಂದು ತೀರ್ಪಿತ್ತಿತು. ೨೦೧೯ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ವಿಭಾಗಗಳನ್ನು ತೆರೆಯುವ ಏರ್ಪಾಡಾಯಿತು. ಕೂಲಿಯ ಹಣದಲ್ಲಿ ಮಗುವನ್ನು ಪಟ್ಟಣದ ಖಾಸಗಿ ಶಾಲೆಯ ವಾಹನಕ್ಕೆ ಹತ್ತಿಸುವ ತಂದೆಯ ಆಸೆಯು ನಗತಕ್ಕದ್ದಲ್ಲ. ಅವನ ಅಜ್ಜನು ಉರ್ದುವನ್ನು ಬಯಸಿದ ಕಾರಣವೇ ಇವನದೂ. ಆದರೆ ಇತಿಹಾಸವು ಕಲಿಸಿದ ಪಾಠವನ್ನು ಮರೆಯಲಾಗದು. ಅಂದು ಮಗನ ಪಾಟಿಯು ತಂದೆಗೆ ತಿಳಿಯದಂತಾದುದು ಪ್ರಭುತ್ವದ ವ್ಯವಸ್ಥೆಯಿಂದ. ಇಂದು ಅದು ತಿಳಿಯದಂತಾಗುತ್ತಿರುವದು ತಂದೆಯ ಸ್ವಂತ ಆಯ್ಕೆಯಿಂದ. ಕಾರಣವು ಬೇರೆ, ಪರಿಣಾಮವು ಒಂದೇ. ಪಾಟಿಯನ್ನು ಓದಲಾರದ ಪಾಲಕನು ಶಾಲೆಯನ್ನು ಪ್ರಶ್ನಿಸಲಾರನು. ಮೊದಲ ಅಕ್ಷರಗಳು ಮನೆಯ ನುಡಿಯಲ್ಲಿಯೂ, ಜೊತೆಗೆ ಆಂಗ್ಲವು ಒಂದು ಭಾಷೆಯಾಗಿ ಉತ್ತಮ ರೀತಿಯಲ್ಲಿಯೂ ದೊರೆತರೆ ಎರಡು ಪ್ರಯೋಜನಗಳೂ ಸಾಧಿಸುವವು.

ಮಠಗಳು ವಿದ್ಯಾಸಂಸ್ಥೆಗಳನ್ನೂ ಉಚಿತ ಪ್ರಸಾದನಿಲಯಗಳನ್ನೂ ನಡೆಯಿಸಿ ಮಾಡಿದ ಉಪಕಾರವು ನಾಡಿಗೆ ತಿಳಿದದ್ದೇ. ಆದರೂ ಅತ್ಯಂತ ಬಡವನ ಮಗುವು ಇಂದಿಗೂ ಊರಿನ ಸರಕಾರಿ ಶಾಲೆಯ ಬಾಗಿಲಲ್ಲಿಯೇ ಇದೆ. ಅನುಕೂಲವುಳ್ಳವರು ಒಬ್ಬೊಬ್ಬರಾಗಿ ಆ ಶಾಲೆಯನ್ನು ಬಿಟ್ಟು ಹೊರಟರೆ, ಅಲ್ಲಿ ಉಳಿಯುವವರು ಕೇಳಲು ಬಾಯಿಲ್ಲದವರು ಮಾತ್ರ. ಸದ್ಭಕ್ತರು ತಿಂಗಳಿಗೊಮ್ಮೆಯಾದರೂ ತಮ್ಮೂರ ಶಾಲೆಯ ಮೆಟ್ಟಿಲನ್ನು ಹತ್ತಲಿ. ಸಮಿತಿಯ ಸಭೆಯಲ್ಲಿ ಕುಳಿತು, ಓದುಬಾರದ ತಾಯಿಗೆ ಠರಾವನ್ನು ಓದಿ ಹೇಳಲಿ. ಗುಳೆ ಹೋದವರ ಮಗುವು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ ಎಂದು ವಿಚಾರಿಸಲಿ. ಇದಕ್ಕೆ ಹಣವು ಬೇಕಿಲ್ಲ, ಹೊತ್ತು ಬೇಕು. ಅನ್ನದ ದಾಸೋಹದಂತೆ ಅಕ್ಷರದ ದಾಸೋಹವೂ ನಿತ್ಯದ ಕಾಯಕವಾದಾಗ ಈ ಮೂರೂ ಊರುಗಳ ಮಕ್ಕಳು ತಮ್ಮ ಪಾಲಿನ ವಿದ್ಯೆಯನ್ನು ಪಡೆಯುವರು.