ನಂದಿದುರ್ಗದ ನೇವಿ ತಾತ

ನನ್ನೂರು ಬಂಗಾರಪೇಟೆ ಹತ್ತಿರ, ಕೆಜಿಎಫ್ ಪಕ್ಕ ಅಂದರೆ ಸಾಕು, ಆಫೀಸಿನಲ್ಲಿ ಎಲ್ಲರೂ "ಓ, ರಾಕಿ ಭಾಯ್!" ಅಂತ ಶುರು ಮಾಡುತ್ತಾರೆ. 2018ರಲ್ಲಿ ಆ ಸಿನಿಮಾ ಬರುವ ಮುಂಚೆ "ಅಲ್ಲಿ ಇನ್ನೂ ಚಿನ್ನ ಸಿಗುತ್ತಾ?" ಅಂತ ಕೇಳುತ್ತಿದ್ದರು. ಎರಡಕ್ಕೂ ನಕ್ಕು ಸುಮ್ಮನಾಗುವುದು ನನಗೆ ಅಭ್ಯಾಸವಾಗಿದೆ. ಆದರೆ ಹೋದ ತಿಂಗಳು ಊರಿಗೆ ಹೋದಾಗ ನಡೆದ ಒಂದು ವಿಷಯವನ್ನು ಬರೆಯದೆ ಇರಲು ಆಗುತ್ತಿಲ್ಲ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :-)

ನಮ್ಮ ತಾತ ತೀರಿಕೊಂಡು ಮೂರು ವರ್ಷವಾಯಿತು. ಅವರ ಕಬ್ಬಿಣದ ಟ್ರಂಕು ಅಟ್ಟದ ಮೇಲೆ ಹಾಗೇ ಇತ್ತು. ಮನೆಗೆ ಸುಣ್ಣ ಹೊಡೆಸುವ ಕಾರಣಕ್ಕೆ ಅದನ್ನು ಇಳಿಸಬೇಕಾಯಿತು. ಒಳಗಿದ್ದದ್ದು ಇಷ್ಟೇ: ನೇವಿಯ ಸರ್ವಿಸ್ ಪುಸ್ತಕ, ಕಪ್ಪಗಾದ ಎರಡು ಮೆಡಲ್ಲು, ಗಣಿಯ ಗುರುತಿನ ಬಿಲ್ಲೆ, ಗಂಡಭೇರುಂಡ ಕೆತ್ತಿದ ಅಂಗೈಯಗಲದ ಮರದ ಹಲಗೆ, ಮತ್ತೆ ಒಂದು ಗ್ರೂಪ್ ಫೋಟೋ.

ಆ ಹಲಗೆ ನನಗೆ ಚಿಕ್ಕಂದಿನಿಂದ ಪರಿಚಯ. ಅದೇ ಎರಡು ತಲೆಯ ಹಕ್ಕಿ ನಮ್ಮ ಸರ್ಕಾರಿ ಕೆಂಪು ಬಸ್ಸಿನ ಮೇಲೂ ಇರುತ್ತಿದ್ದರಿಂದ ನಾಲ್ಕೈದು ವರ್ಷದವನಿದ್ದಾಗ ತಾತ ಬಸ್ ಕಂಡಕ್ಟರ್ ಆಗಿದ್ದರು ಅಂತಲೇ ನಂಬಿದ್ದೆ. ಅದು ಬಸ್ಸಲ್ಲ, ಹಡಗು ಅಂತ ಗೊತ್ತಾಗಿದ್ದು ಆಮೇಲೆ. ಹಡಗಿನ ಹೆಸರು ಐಎನ್‌ಎಸ್ ಮೈಸೂರು.

ಈ ಹಡಗಿನ ಕಥೆ ದೊಡ್ಡದು. ಹುಟ್ಟುಹೆಸರು ಎಚ್‌ಎಂಎಸ್ ನೈಜೀರಿಯಾ. 1939ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ಕ್ರೂಸರ್. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟಿನಲ್ಲಿ, ಮೆಡಿಟರೇನಿಯನ್ ಸಮುದ್ರದಲ್ಲಿ ಇಟಲಿಯ ಸಬ್‌ಮೆರೀನ್ ಒಂದು ಇದಕ್ಕೆ ಟಾರ್ಪೀಡೊ ಹೊಡೆದಿತ್ತು. ಆದರೂ ಮುಳುಗದೆ ಜಿಬ್ರಾಲ್ಟರ್ ಸೇರಿತು. ಭಾರತ ಅದನ್ನು ಕೊಂಡು, ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಅಂತ ಹೆಸರಿಟ್ಟಿತು. ಲಾಂಛನಕ್ಕೆ ನಮ್ಮ ಗಂಡಭೇರುಂಡ, ಧ್ಯೇಯವಾಕ್ಯಕ್ಕೆ ತೈತ್ತಿರೀಯ ಉಪನಿಷತ್ತಿನ "ನ ಬಿಭೇತಿ ಕದಾಚನ", ಅಂದರೆ ಎಂದಿಗೂ ಅಂಜದವನು. 1985ರವರೆಗೆ ಈ ಹಡಗು ಸೇವೆಯಲ್ಲಿತ್ತು. 1999ರಲ್ಲಿ ಅದೇ ಹೆಸರನ್ನು ಹೊಸದೊಂದು ಡಿಸ್ಟ್ರಾಯರ್‌ಗೆ ಇಟ್ಟರು.

ನದಿಯೇ ಇಲ್ಲದ ಊರಿನವನು ಸಮುದ್ರಕ್ಕೆ ಹೋಗಿದ್ದು ಹೇಗೆ? ಕೋಲಾರ ಜಿಲ್ಲೆ ಗೊತ್ತಿರುವವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಕೆರೆ ತುಂಬಿದರೆ ಅದೇ ಸಮುದ್ರ. ಎರಡು ಎಕರೆ ರಾಗಿ ಹೊಲ, ಮೂವರು ತಂಗಿಯರು, ಮಳೆ ನಂಬಿದ ಬದುಕು. ತಾತ ಹತ್ತನೇ ಕ್ಲಾಸು ಮುಗಿಸಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಸಾಲಿನಲ್ಲಿ ನಿಂತು ಸೇರಿಬಿಟ್ಟರು. 1958ನೇ ಇಸವಿ, ವಯಸ್ಸು ಹದಿನೆಂಟು. "ಸಮುದ್ರ ನೋಡೋ ಆಸೆಯಿಂದ ಹೋದ್ರಾ ತಾತ?" ಅಂತ ಕೇಳಿದರೆ, "ಮೂರು ಹೊತ್ತು ಊಟ ಹಾಕ್ತಾರೆ ಅಂದ್ರಪ್ಪಾ, ಅದಕ್ಕೋದೆ" ಅನ್ನುತ್ತಿದ್ದರು.

ಪುಣೆ ಹತ್ತಿರದ ಲೋನಾವಳದಲ್ಲಿ ಐಎನ್‌ಎಸ್ ಶಿವಾಜಿ ಅಂತ ನೌಕಾಪಡೆಯ ಎಂಜಿನಿಯರಿಂಗ್ ತರಬೇತಿ ಕೇಂದ್ರ ಇದೆ. 1945ರಲ್ಲಿ ಶುರುವಾದದ್ದು. ಅಲ್ಲಿ ಕಲಿತು ತಾತ ಸ್ಟೋಕರ್ ಆದರು. ಸ್ಟೋಕರ್ ಅಂದರೆ ಮೊದಲು ಬಾಯ್ಲರಿಗೆ ಕಲ್ಲಿದ್ದಲು ಎಸೆಯುವವನು. ತಾತನ ಕಾಲಕ್ಕೆ ಕಲ್ಲಿದ್ದಲು ಹೋಗಿ ಎಣ್ಣೆ ಬಂದಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಕೆಲಸದ ಜಾಗ ಹಡಗಿನ ಹೊಟ್ಟೆ, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ನಾಲ್ಕು ಬಾಯ್ಲರ್‌ಗಳ ಬಿಸಿ, ಕಿವಿ ಗುಂಯ್ ಅನ್ನುವ ಸದ್ದು. ಹಗಲೋ ರಾತ್ರಿಯೋ ಗಡಿಯಾರ ನೋಡಿಯೇ ತಿಳಿಯಬೇಕು.

1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ ತಾತ ಈ ಹಡಗಿನಲ್ಲಿದ್ದರು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸಲು ಹೋದದ್ದು ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು. ದ್ವೀಪಕ್ಕೆ ಇಳಿದವರಲ್ಲಿ ಏಳು ಜನ ನಾವಿಕರು ಸತ್ತರು. ಇವತ್ತು ಆ ದ್ವೀಪಕ್ಕೂ ದಡಕ್ಕೂ ನಡುವೆ ತಡೆಗೋಡೆ ಕಟ್ಟಿದ್ದಾರೆ, 2005ರಿಂದ ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ.

ತಾತ ಕಾರವಾರದ ದಡ ನೋಡಿದ್ದರಾ? ಇಲ್ಲ! ಕನ್ನಡ ನಾಡಿನ ಪಕ್ಕದಲ್ಲೇ ಅಷ್ಟೆಲ್ಲ ನಡೆಯುವಾಗ ಅವರು ಕೆಳಗೆ ಬಾಯ್ಲರ್ ಮುಂದೆ ನಿಂತಿದ್ದರು. ಮೇಲೆ ಫಿರಂಗಿ ಹಾರಿದಾಗ ಕಬ್ಬಿಣದ ಗೋಡೆ ನಡುಗಿ ಮೈಮೇಲೆ ಬಣ್ಣದ ಚೂರು ಉದುರುತ್ತಿದ್ದವಂತೆ. ಅವರು ಕಂಡ ಯುದ್ಧ ಅಷ್ಟೇ.

ಇಲ್ಲಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಐದನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ಕ್ಕೆ ಭಾಷಣ ಮಾಡಬೇಕಿತ್ತು. ತಾತನ ಹತ್ತಿರ ಹೋಗಿ "ಎಷ್ಟು ಜನ ಶತ್ರುಗಳನ್ನ ಸಾಯಿಸಿದ್ರಿ?" ಅಂತ ಕೇಳಿದೆ. "ಒಬ್ಬರನ್ನೂ ಇಲ್ಲಪ್ಪ" ಅಂದರು. ನನಗೆ ಭಾರೀ ನಿರಾಸೆ. ಆವತ್ತು ಸಂಜೆ ಜಗಲಿ ಮೇಲೆ ಗೆಳೆಯರ ಮುಂದೆ, "ನಮ್ಮ ತಾತ ಸೋಲ್ಜರ್ ಅಲ್ಲ ಕಣ್ರೋ, ಹಡಗಲ್ಲಿ ಒಲೆ ಉರಿಸ್ತಿದ್ರು ಅಷ್ಟೇ" ಅಂದೆ. ಎಲ್ಲರೂ ನಕ್ಕರು. ತಾತ ಒಳಗಡೆ ಬಾಗಿಲ ಹಿಂದೆಯೇ ಇದ್ದರು. ಏನೂ ಅನ್ನಲಿಲ್ಲ. ಆದರೆ ಆಮೇಲೆ ಅವರಾಗಿ ನನ್ನ ಹತ್ತಿರ ನೇವಿಯ ಮಾತು ಎತ್ತಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಒಂದೊಂದೇ ಸಾಲು.

ಕಥೆ ಮುಂದುವರಿಸುತ್ತೇನೆ. 1973ರಲ್ಲಿ ಹದಿನೈದು ವರ್ಷ ಮುಗಿಸಿ, ಪೆನ್ಶನ್ ತೆಗೆದುಕೊಂಡು ತಾತ ಊರಿಗೆ ಬಂದರು. ಅಷ್ಟರಲ್ಲಿ ಮನಿ ಆರ್ಡರ್ ದುಡ್ಡಿನಲ್ಲೇ ಮೂವರು ತಂಗಿಯರ ಮದುವೆ ಆಗಿತ್ತು. ವರ್ಷಕ್ಕೆರಡು ತಿಂಗಳ ರಜೆಯಲ್ಲಿ ಬರುತ್ತಿದ್ದ ಗಂಡನ ಹೊಲವನ್ನು ಅಷ್ಟೂ ವರ್ಷ ನೋಡಿಕೊಂಡದ್ದು ಅಜ್ಜಿ. ಅದನ್ನು ಯಾವ ಸರ್ವಿಸ್ ಪುಸ್ತಕದಲ್ಲೂ ಬರೆದಿಲ್ಲ.

ಹೊಲವೊಂದರಿಂದಲೇ ಮನೆ ನಡೆಯುವುದಿಲ್ಲ. ಎಂಜಿನ್ ಕೆಲಸ ಗೊತ್ತಿದ್ದ ತಾತನಿಗೆ ಚಿನ್ನದ ಗಣಿ ಪಕ್ಕದಲ್ಲೇ ಇತ್ತು. ಗಣಿಯ ಚರಿತ್ರೆ ಚುಟುಕಾಗಿ ಹೇಳಿಬಿಡುತ್ತೇನೆ. 1870ರ ದಶಕದಲ್ಲಿ ಲವೆಲ್ ಅನ್ನುವ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಚಿನ್ನ ಹುಡುಕಿದ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ನಿಜವಾಗಿ ಕುದುರಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಆಗ ಬಂಗಾರಪೇಟೆಗೆ ಕಮಿಷನರ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ ಅನ್ನುತ್ತಿದ್ದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು, ಬೆಂಗಳೂರಿಗೂ ಮುಂಚೆ! 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಬಂದವು. ಆಗ ನಡೆಯುತ್ತಿದ್ದದ್ದು ಮುಖ್ಯವಾಗಿ ಮೂರು: ಚಾಂಪಿಯನ್ ರೀಫ್, ಮೈಸೂರು ಮತ್ತು ನಂದಿದುರ್ಗ.

ತಾತ ಸೇರಿದ್ದು ನಂದಿದುರ್ಗ ಗಣಿಗೆ. ಹೆಸರು ನಂದಿದುರ್ಗ ಅಂತಿದ್ದರೂ ನೀವು ಭಾನುವಾರ ಬೆಳಗ್ಗೆ ಬೈಕ್ ಹತ್ತಿ ಹೋಗುವ ನಂದಿ ಬೆಟ್ಟ ಇಲ್ಲಿಂದ ದೂರ. ಗಣಿಗೆ ಹೆಸರು ಮಾತ್ರ ಅಲ್ಲಿಂದ ಬಂದದ್ದು. ಮೊದಲು ಫಿಟರ್ ಆಗಿ ಸೇರಿ, ಆಮೇಲೆ ಪರೀಕ್ಷೆ ಪಾಸು ಮಾಡಿ ವೈಂಡಿಂಗ್ ಎಂಜಿನ್ ಡ್ರೈವರ್ ಆದರು. ಮನೆಯಲ್ಲಿ ಕನ್ನಡ ತೆಲುಗು ಬೆರಕೆ, ಗಣಿಯಲ್ಲಿ ತಮಿಳು, ಸಿಟ್ಟು ಬಂದರೆ ನೇವಿಯ ಹಿಂದಿ!

ಗಣಿಯ ಶಾಫ್ಟ್ ಅಂದರೆ ನೂರಾರು ಆಳು ಆಳದ ಬಾವಿ ಅಂದುಕೊಳ್ಳಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಾವಿಗೆ ರಾಟೆ ಇದ್ದ ಹಾಗೆ ಶಾಫ್ಟಿಗೆ ವೈಂಡಿಂಗ್ ಎಂಜಿನ್. ದೊಡ್ಡ ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಕೇಜು, ಕೇಜಿನೊಳಗೆ ಜನ. ಡ್ರೈವರ್‌ಗೆ ಕೇಜು ಕಾಣುವುದಿಲ್ಲ. ಆಳ ತೋರಿಸುವ ಮುಳ್ಳು ನೋಡಿಕೊಂಡು, ಗಂಟೆಯ ಸದ್ದು ಕೇಳಿಕೊಂಡು ಬ್ರೇಕು ಹಿಡಿಯಬೇಕು. ಒಂದೊಂದು ಸದ್ದಿಗೆ ಒಂದೊಂದು ಅರ್ಥ. ಮೂರು ಸಲ ಬಾರಿಸಿದರೆ, ಹತ್ತುತ್ತಿರುವುದು ಕಲ್ಲಲ್ಲ, ಮನುಷ್ಯರು. "ಮೂರು ಬೆಲ್ಲು ಕೇಳಿಸ್ತು ಅಂದ್ರೆ ಕೈಲಿರೋ ಟೀ ಕೆಳಗಿಟ್ಟುಬಿಡಬೇಕು" ಅನ್ನುತ್ತಿದ್ದರು ತಾತ. ಗಣಿಯಲ್ಲಿ ರಾಕ್‌ಬರ್ಸ್ಟ್ ಆದರೆ, ಅಂದರೆ ಒತ್ತಡ ತಡೆಯದೆ ಕೆಳಗೆ ಬಂಡೆ ಸಿಡಿದರೆ, ಮೇಲೆ ಮನೆಗಳಲ್ಲಿ ಪಾತ್ರೆ ಅಲ್ಲಾಡುತ್ತಿತ್ತು. ಅಂಥ ದಿನ ತಾತ ಶಿಫ್ಟು ಮುಗಿದರೂ ಮನೆಗೆ ಬರುತ್ತಿರಲಿಲ್ಲ. ಕೆಳಗಿದ್ದ ಕೊನೆಯವನು ಮೇಲೆ ಬರುವವರೆಗೂ ಎಂಜಿನ್ ಮನೆಯಲ್ಲೇ. ಅಜ್ಜಿ ರಾಗಿಮುದ್ದೆಯ ಬುತ್ತಿ ಕಳಿಸುತ್ತಿದ್ದರಂತೆ, ಎಷ್ಟೋ ಸಲ ಅದು ಹಾಗೇ ವಾಪಸ್ಸು.

1998ರಲ್ಲಿ ರಿಟೈರ್ ಆದರು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ನೂರಿಪ್ಪತ್ತು ವರ್ಷದ ಊರುಕಸುಬು ಒಂದೇ ದಿನಕ್ಕೆ ನಿಂತುಹೋಯಿತು. ಸಾವಿರಾರು ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. ಅದೇ ರೈಲಿನಲ್ಲಿ ಈಗ ನಾನೂ ಲ್ಯಾಪ್‌ಟಾಪ್ ಚೀಲ ಹೊತ್ತು ವೈಟ್‌ಫೀಲ್ಡಿನಲ್ಲಿ ಇಳಿಯುತ್ತೇನೆ.

ಈಗ ಆ ಫೋಟೋ ವಿಷಯಕ್ಕೆ ಬರೋಣ. ಲೋನಾವಳದ ಟ್ರೇನಿಂಗ್ ಬ್ಯಾಚು. ಮೂರು ಸಾಲು ಹುಡುಗರು, ಎಲ್ಲರಿಗೂ ಬಿಳಿ ಬಟ್ಟೆ. ತಾತನ ಪಕ್ಕ ನಿಂತವನ ತಲೆ ಮೇಲೆ ಇಂಕಿನಲ್ಲಿ ಸಣ್ಣ ಗುರುತು. "ಇದ್ಯಾರಜ್ಜಿ?" ಅಂತ ಕೇಳಿದೆ. ಅಜ್ಜಿ ಫೋಟೋನ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇವನೇ, ಕುಕ್ರಿ ಹಡಗಿನಲ್ಲಿ ಹೋದೋನು" ಅಂದರು.

1971ರ ಯುದ್ಧ. ಡಿಸೆಂಬರ್ 4ರ ರಾತ್ರಿ ನಮ್ಮ ಮಿಸೈಲ್ ದೋಣಿಗಳು ಕರಾಚಿಗೆ ನುಗ್ಗಿ ಹೊಡೆದದ್ದನ್ನು ಎಲ್ಲರೂ ಓದಿರುತ್ತೇವೆ. ನೌಕಾಪಡೆ ದಿನ ಅಂತ ಆಚರಿಸುವುದೂ ಅದನ್ನೇ. ಆಗ ಪಶ್ಚಿಮ ನೌಕಾದಳದ ಮುಖ್ಯ ಹಡಗು ಇದೇ ಐಎನ್‌ಎಸ್ ಮೈಸೂರು, ತಾತ ಎರಡನೇ ಸಲ ಅದರಲ್ಲೇ ಇದ್ದರು. ಐದು ದಿನದ ನಂತರ, ಡಿಸೆಂಬರ್ 9ರ ರಾತ್ರಿ, ದಿಯು ಬಳಿ ಪಾಕಿಸ್ತಾನದ ಹಂಗೋರ್ ಸಬ್‌ಮೆರೀನ್ ಹೊಡೆದ ಟಾರ್ಪೀಡೊಗೆ ಐಎನ್‌ಎಸ್ ಕುಕ್ರಿ ಕೆಲವೇ ನಿಮಿಷದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಹೋದರು. ಅವರಿಗೆ ಮಹಾವೀರ ಚಕ್ರ ಬಂತು. ಅಷ್ಟು ಬೇಗ ಮುಳುಗುವ ಹಡಗಿನ ಹೊಟ್ಟೆಯಲ್ಲಿದ್ದವರಿಗೆ ಏಣಿ ಹತ್ತಲು ಸಮಯ ಎಲ್ಲಿ?

ತಾತ ವರ್ಷಕ್ಕೊಂದು ರಾತ್ರಿ ಊಟ ಬಿಡುತ್ತಿದ್ದರು. ಚಳಿಗಾಲದಲ್ಲಿ ಬರುತ್ತಿದ್ದರಿಂದ ಯಾವುದೋ ಏಕಾದಶಿ ಇರಬೇಕು ಅಂದುಕೊಂಡಿದ್ದೆವು. ಯಾವ ಏಕಾದಶಿ ಪ್ರತಿ ವರ್ಷ ಡಿಸೆಂಬರ್ 9ಕ್ಕೇ ಬರುತ್ತೆ ಅಂತ ಮನೆಯಲ್ಲಿ ಯಾರೂ ಕ್ಯಾಲೆಂಡರ್ ತೆಗೆದು ನೋಡಲಿಲ್ಲ.

"ಮಿಲಿಟರಿಯೋರಿಗೆ ವಾಚ್‌ಮನ್ ಕೆಲಸ ಸುಲಭವಾಗಿ ಸಿಕ್ತಿತ್ತು. ಅದು ಬೇಡ ಅಂದ್ರು" ಅಂದರು ಅಜ್ಜಿ. "ಯಾಕೆ ಅಂತ ನಾನು ಕೇಳಿದೆ. ಕೆಳಗೋದೋರನ್ನ ಮೇಲೆ ತರೋ ಕೆಲಸ ಇದೆ, ಅದನ್ನೇ ಮಾಡ್ತೀನಿ ಅಂದ್ರು. ನಂಗೆ ಆಗ ಅರ್ಥ ಆಗ್ಲಿಲ್ಲ."

ನಾನು ಏನೂ ಮಾತಾಡಲಿಲ್ಲ. ಜಗಲಿ ಮೇಲೆ ಗೆಳೆಯರೆಲ್ಲ ನಕ್ಕಿದ್ದು ನೆನಪಾಗುತ್ತಿತ್ತು.

ಮಾರನೇ ದಿನ ಬೈಕಿನಲ್ಲಿ ನಂದಿದುರ್ಗದ ಕಡೆ ಹೋಗಿ ಬಂದೆ. ಸೈನೈಡ್ ದಿಬ್ಬದ ಮೇಲೆ ಯಾರೋ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗಣಿ ಮುಚ್ಚಿದ ಮೇಲೆ ಪಂಪುಗಳೂ ನಿಂತವು, ಒಳಗೆಲ್ಲ ನೀರು ತುಂಬಿಕೊಂಡಿದೆ. ಶಾಫ್ಟಿನ ಹತ್ತಿರ ಬಿಡುವುದಿಲ್ಲ, ದೂರದಿಂದಲೇ ನೋಡಿದೆ. ತಾತ ಇಪ್ಪತ್ತನಾಲ್ಕು ವರ್ಷ ಅಲ್ಲಿ ಕೂತು ದಿನಕ್ಕೆ ಎಷ್ಟು ಜನರನ್ನು ಮೇಲೆ ತಂದರೋ, ಲೆಕ್ಕ ಇಟ್ಟವರು ಯಾರೂ ಇಲ್ಲ.

ಮರದ ಹಲಗೆಯನ್ನು ನನ್ನ ಜೊತೆ ತಂದಿದ್ದೇನೆ. ಮೊನ್ನೆ ರೂಮಿಗೆ ಬಂದ ಗೆಳೆಯ ನೋಡಿ, "ಏನೋ ಇದು, ಕೆಎಸ್‌ಆರ್‌ಟಿಸಿ?" ಅಂದ. ಕೂರಿಸಿ ಪೂರ್ತಿ ಕಥೆ ಹೇಳಿದೆ.

ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಟ್ರಂಕು ಇದ್ದರೆ ಒಮ್ಮೆ ಇಳಿಸಿ ನೋಡಿ. ಅದರ ಯಜಮಾನರು ಇನ್ನೂ ಇದ್ದರೆ ಅವರ ಎದುರಿಗೇ ಇಳಿಸಿ.