ಬಿಳಿ ರಕ್ತಕಣಗಳನ್ನು ಕರೆದವರಾರು?

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ಆಮೇಲೆ ಕೀವು ಕಟ್ಟುತ್ತದೆ. ಕೀವಿನಲ್ಲಿ ಬಹುಪಾಲು ಬಿಳಿ ರಕ್ತಕಣಗಳೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ರಷ್ಯದ ವಿಜ್ಞಾನಿ ಮೆಚ್ನಿಕಾಫ್, ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದ ದಿನ, ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಅಲೆದಾಡುವ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಬಿ.ಎಸ್ಸಿ.ಯಲ್ಲಿ ಇಷ್ಟನ್ನು ನಾನೂ ಬಾಯಿಪಾಠ ಮಾಡಿದ್ದೆ. ಆ ಕಣಗಳನ್ನು ಕರೆದವರಾರು ಎಂದು ಕೇಳಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಕೇಳಿದವರಿಗೂ ಉತ್ತರ ಸುಲಭವಾಗಿ ಸಿಗಲಿಲ್ಲವೆನ್ನಿ. 1962ರಲ್ಲಿ ಸ್ಟೀಫನ್ ಬಾಯ್ಡನ್ ಒಂದು ಪುಟ್ಟ ಸಾಧನ ರಚಿಸಿದರು. ನಡುವೆ ಸೂಕ್ಷ್ಮ ರಂಧ್ರಗಳ ಪೊರೆ, ಮೇಲೆ ಕಣಗಳು, ಕೆಳಗೆ ಪರೀಕ್ಷಿಸಬೇಕಾದ ದ್ರವ. ದ್ರವದಲ್ಲಿ ಕರೆಯುವ ಪದಾರ್ಥವಿದ್ದರೆ ಕಣಗಳು ರಂಧ್ರದಲ್ಲಿ ತೂರಿಕೊಳ್ಳುತ್ತವೆ, ಎಣಿಸಿದರಾಯಿತು. ಆದರೆ ದೇಹದ ದ್ರವದಲ್ಲಿ ನೂರೆಂಟು ಪದಾರ್ಥಗಳು, ಕರೆದದ್ದು ಯಾವುದು? 1987ರಲ್ಲಿ ಅಮೆರಿಕದ ಫ್ರೆಡರಿಕ್, ಸ್ವಿಟ್ಸರ್ಲೆಂಡಿನ ಬರ್ನ್ ಮೊದಲಾದೆಡೆಯ ತಂಡಗಳು ಅಂಥ ಒಂದು ಸಣ್ಣ ಪ್ರೋಟೀನನ್ನು ಬೇರ್ಪಡಿಸಿದವು. ಅದೇ ಇಂಟರ್‌ಲ್ಯೂಕಿನ್-8. ಸಿಕ್ಕಿದ್ದು ಅತ್ಯಲ್ಪ. ಮರುವರ್ಷ ಅದರ ಜೀನನ್ನು ಕೃತಕವಾಗಿ ರಚಿಸಿ, ನಮ್ಮ ಕರುಳಲ್ಲೇ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಬ್ಯಾಕ್ಟೀರಿಯಾ ತಯಾರಿಸಿಕೊಟ್ಟ ರಿಕಾಂಬಿನೆಂಟ್ ಪ್ರೋಟೀನು ಸಹಜವಾದುದರಂತೆಯೇ ಕೆಲಸ ಮಾಡಿತು. ಒಂದು ತೊಡಕುಂಟು: ಬ್ಯಾಕ್ಟೀರಿಯಾದ ಹೊರಕವಚದ ವಿಷ ಲೇಶ ಉಳಿದರೂ ಅದೇ ಉರಿಯೂತ ಎಬ್ಬಿಸಿ ಪ್ರಯೋಗ ಕೆಡಿಸುತ್ತದೆ. ಆದ್ದರಿಂದ ಶುದ್ಧಿಯ ಪರೀಕ್ಷೆ ಕಡ್ಡಾಯ.

ಇಂಥ ಪ್ರೋಟೀನುಗಳ ಬಳಗಕ್ಕೆ 1992ರಲ್ಲಿ ಕೀಮೋಕೈನ್ ಎಂಬ ಹೆಸರು ನಿಂತಿತು. ಏಡ್ಸ್‌ಗೂ ಇವಕ್ಕೂ ಸಂಬಂಧವಿದ್ದೀತೆಂದು ಆಗ ಯಾರು ಎಣಿಸಿದ್ದರು? ಕೆಲವು ಬಿಳಿ ರಕ್ತಕಣಗಳು ಎಚ್.ಐ.ವಿ. ವೈರಸ್ಸನ್ನು ತಡೆಯುವುದು 1986ರಿಂದಲೇ ತಿಳಿದಿತ್ತು. 1995ರ ಡಿಸೆಂಬರಿನಲ್ಲಿ ಗ್ಯಾಲೊ ಮತ್ತು ಲುಸ್ಸೊ ಅವರ ತಂಡ ಅಂಥ ಕಣಗಳ ಸ್ರಾವದಿಂದ ಮೂರು ಕೀಮೋಕೈನ್‌ಗಳನ್ನು ಗುರುತಿಸಿತು. ಪ್ರತಿಕಾಯಗಳಿಂದ ಮೂರನ್ನೂ ಕಟ್ಟಿಹಾಕಿದರೆ ತಡೆ ಇಲ್ಲವಾಯಿತು. ಅವೇ ಮೂರರ ರಿಕಾಂಬಿನೆಂಟ್ ರೂಪಗಳನ್ನು ಹಾಕಿದರೆ ವೈರಸ್ ತಡೆಯಿತು. ಸಾಕ್ಷ್ಯ ಪಕ್ಕಾ.

ಕಾರಣ 1996ರಲ್ಲಿ ತಿಳಿಯಿತು. ಕೀಮೋಕೈನ್ ಬಂದು ಕೂರುವ ಸಿ.ಸಿ.ಆರ್.5 ಎಂಬ ಗ್ರಾಹಕವೇ ವೈರಸ್ ಒಳನುಗ್ಗುವ ಬಾಗಿಲು. ಹುಟ್ಟಿನಿಂದಲೇ ಈ ಬಾಗಿಲಿಲ್ಲದ ಕೆಲವರು ಯುರೋಪ್ ಮೂಲದವರಲ್ಲಿದ್ದಾರೆ. ಅವರಿಗೆ ಸೋಂಕು ತಗಲುವುದು ಬಹಳ ಅಪರೂಪ. ಆ ಬಾಗಿಲನ್ನು ಮುಚ್ಚುವ ಮ್ಯಾರವಿರಾಕ್ ಮಾತ್ರೆಗೆ 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಸಿ.ಎಕ್ಸ್.ಸಿ.ಆರ್.4 ಎಂಬ ಇನ್ನೊಂದು ಬಾಗಿಲಿನಿಂದ ನುಗ್ಗುವ ವೈರಸ್‌ಗಳೂ ಉಂಟು. ಅವಕ್ಕೆ ಈ ಮಾತ್ರೆ ನಾಟುವುದಿಲ್ಲ. ಆದ್ದರಿಂದ ಕೊಡುವ ಮೊದಲು ರೋಗಿಯ ರಕ್ತ ಪರೀಕ್ಷಿಸಿ, ಅದರಲ್ಲಿರುವ ವೈರಸ್ ಯಾವ ಬಾಗಿಲಿನದೆಂದು ನೋಡಿಕೊಳ್ಳುತ್ತಾರೆ.